ದಿಬ್ಬ ಹತ್ತಿದ ಗೂಡು

ನನ್ನ ಅತ್ತಿಗೆ ಬಾಸಿಲಿಯಾ ಕುರಿ ಮೇಯಿಸಲು ಹೋದರೆ ಸಂಜೆಗೆ ಒಂದಲ್ಲ ಒಂದು ಜೀವವನ್ನು ಬೆನ್ನಿನ ಬಟ್ಟೆಯಲ್ಲಿ ಕಟ್ಟಿಕೊಂಡೇ ಬರುತ್ತಿದ್ದಳು. ರೆಕ್ಕೆ ಮುರಿದ ಕಾಡುಬಾತು, ತಾಯಿ ಬಿಟ್ಟ ಗುಡ್ಡದ ಮೊಲ, ಒಮ್ಮೆ ಒಂದು ನರಿಮರಿ ಕೂಡ. ನರಿ ಎಂದರೆ ನಮ್ಮ ಬೆಟ್ಟದ ದೇವರು ಬೆಟ್ಟದಜ್ಜನ ನಾಯಿ. ಅವನ ನಾಯಿಯನ್ನು ನಾವು ಕಟ್ಟಿಹಾಕಿಕೊಂಡರೆ ಅವನು ಸುಮ್ಮನಿರುತ್ತಾನೆಯೇ ಎಂದು ನಾನು ಬೈದು ಬೈದು ಅದನ್ನು ವಾಪಸ್ ಬಿಡಿಸಿದೆ.

"ಇದೇನು ಮನೆಯೋ, ನೋಹನ ದೋಣಿಯೋ ಅತ್ತಿಗೆ?" ಎಂದರೆ, "ದೋಣೀಲಿ ನಿನಗೂ ಜಾಗ ಕೊಟ್ಟಿದೀನಲ್ಲ ಕಸಿಲ್ಡಾ, ಸುಮ್ನಿರು" ಎಂದು ನಗುತ್ತಿದ್ದಳು. ಅದೂ ನಿಜವೇ. ಗಂಡ ಸತ್ತ ಮೇಲೆ ನಾನು ಅಣ್ಣನ ಅಂಗಳದಲ್ಲೇ ಒಂದು ಕೋಣೆ ಕಟ್ಟಿಕೊಂಡಿದ್ದೆ. ಅಡುಗೆ ಒಲೆ ಮಾತ್ರ ಮೂವರಿಗೂ ಒಂದೇ.

ಅಣ್ಣ ಹಿಲಾರಿಯೋನ್‌ನ ಕಥೆ ಬೇರೆ. ಹುಡುಗನಾಗಿದ್ದಾಗ ಒಮ್ಮೆ ಹೊಲಗಾವಲಿಗೆ ನಿಂತಿದ್ದ. ನಮ್ಮಲ್ಲಿ ಹೊಲಗಾವಲು ಎಂದರೆ ದನ ಓಡಿಸುವುದಷ್ಟೇ ಅಲ್ಲ, ಆಲಿಕಲ್ಲು, ಹಿಮ, ಬರ ಎಲ್ಲವೂ ಕಾವಲಿನವನ ತಲೆಗೇ. ಮೋಡ ಕಪ್ಪಾದರೆ ಗುಡ್ಡ ಹತ್ತಿ ಬೆಂಕಿ ಹಾಕಬೇಕು, ಕೊಂಬೂದಬೇಕು, ಆಲಿಕಲ್ಲನ್ನು ಬೈದು ಆಚೆ ಕಳಿಸಬೇಕು. ಆ ವರ್ಷ ಅಣ್ಣ ಮಧ್ಯಾಹ್ನ ಉಂಡು ಸ್ವಲ್ಪ ಕಣ್ಣು ಮುಚ್ಚಿದ. ಎದ್ದು ನೋಡುವಾಗ ಊರ ಅವರೆ ಹೂವೆಲ್ಲ ನೆಲದ ಮೇಲಿತ್ತು.

ಅಂದಿನಿಂದ ಅವನಿಗೆ 'ನಿದ್ದೆ ಹಿಲಾರಿಯೋನ್' ಎಂದೇ ಹೆಸರು. ಮದುವೆ ಮನೆಗೆ ಹೋದರೂ "ಬಾರಪ್ಪ, ಎದ್ದಿದ್ದೀಯಾ?" ಎನ್ನುವರು. ಸಾವಿನ ಮನೆಯಲ್ಲಿ ಅತ್ತು ಕಣ್ಣು ಒರೆಸಿಕೊಂಡರೂ, ಪಕ್ಕದವನು "ಈಗ ಎದ್ದ್ಯಾ?" ಎನ್ನುವನು. ಅಣ್ಣ ಎದುರಿಗೆ ನಗುತ್ತಿದ್ದ. ಮನೆಗೆ ಬಂದ ಮೇಲೆ ಒಲೆಯ ಮುಂದೆ ಕೂತು ಬೂದಿ ಕೆದಕುತ್ತಿದ್ದ. ನಮ್ಮೂರಿನವರಿಗೆ ಒಂದು ತಮಾಷೆ ಸಿಕ್ಕಿದರೆ ಸಾಯುವವರೆಗೂ ಬಿಡುವುದಿಲ್ಲ, ಅಂಥ ಬಡವರು ನಾವು.

ಕೂದಲು ನರೆತ ಮೇಲೆ ಸರದಿಯಲ್ಲಿ ಹೊಲಗಾವಲು ಮತ್ತೆ ಅಣ್ಣನ ಪಾಲಿಗೆ ಬಂತು. ಕಾವಲಿನ ಚಾವಟಿಯನ್ನು ಹೆಗಲಿಗೆ ಅಡ್ಡ ಹಾಕಿಕೊಂಡು ಬಂದ ದಿನ ಅವನ ನಡಿಗೆಯೇ ಬದಲಾಗಿತ್ತು. ವರ್ಷ ಸುಸೂತ್ರವಾಗಿ ಮುಗಿದರೆ ಹಿರಿಯರ ಬೆಂಚಿನಲ್ಲಿ ಅವನಿಗೂ ಜಾಗ. ನಡುವೆ ಎಡವಟ್ಟಾದರೆ ಸಭೆಯಲ್ಲೇ ಚಾವಟಿ ಇಳಿಸಿಕೊಳ್ಳುತ್ತಾರೆ. ಹಾಗೆ ಇಳಿಸಿದವನು ಆಮೇಲೆ ಆ ಬೆಂಚಿನ ಹತ್ತಿರ ಸುಳಿಯುವ ಹಾಗಿಲ್ಲ.

"ಈ ಸಲ ನಾನು ಕಣ್ಣು ಮುಚ್ಚೋದು ಸತ್ತಾಗಲೇ" ಎಂದ.

"ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತ್ಕೋ. ಆದ್ರೆ ಊಟ ಮಾಡು" ಎಂದಳು ಬಾಸಿಲಿಯಾ.

ಹೊಲಗಾವಲಿನವನ ಮೊದಲ ದೊಡ್ಡ ಕೆಲಸ ಗೂಡು ನೋಡುವುದು. ಲೆಕೆಲೆಕೆ ಹಕ್ಕಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಹತ್ತಿರ ಹೋದರೆ ತನ್ನ ಹೆಸರನ್ನೇ ಕೂಗಿಕೊಂಡು ಟೋಪಿಯ ಮೇಲೆ ಎರಗುತ್ತದೆ. ಅಕ್ಟೋಬರ್ ಮೊದಲ ವಾರದ ಸಂತ ಫ್ರಾನ್ಸಿಸ್ಕೋನ ಹಬ್ಬ ಕಳೆದ ಮೇಲೆ ಬಿತ್ತನೆ ನೆಲದಲ್ಲಿ ಕಣ್ಣಿಗೆ ಬಿದ್ದ ಮೊದಲ ಗೂಡೇ ಆ ವರ್ಷದ ಲೆಕ್ಕ. ಅದು ತಗ್ಗಿನಲ್ಲಿದ್ದರೆ ಮಳೆ ಕಡಿಮೆ ಎಂದರ್ಥ. ಆಗ ಆಲೂಗಡ್ಡೆಯನ್ನು ಸರೋವರದ ಪಕ್ಕದ ಬಯಲಿಗೆ ಹಾಕಬೇಕು, ಅಲ್ಲಿ ನೆಲದೊಳಗೆ ತೇವ ಉಳಿದಿರುತ್ತದೆ. ದಿಬ್ಬದ ಮೇಲಿದ್ದರೆ ಮಳೆ ಹೆಚ್ಚು, ಬಯಲು ಮುಳುಗುತ್ತದೆ, ಇಳಿಜಾರಿಗೆ ಹಾಕಬೇಕು. ರೇಡಿಯೋದವನೂ ಮಳೆಯ ವಿಷಯ ಹೇಳುತ್ತಾನೆ. ಆದರೆ ತಪ್ಪಿದರೆ ಮುಳುಗುವುದು ಅವನ ಮೊಟ್ಟೆಯಲ್ಲವಲ್ಲ. ಹಕ್ಕಿಯ ಮಾತನ್ನು ನಾವು ನಂಬುವುದು ಅದಕ್ಕೇ.

ಆ ಗೂಡನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿ ಗುರುತು ಕೆಡಿಸಿದವರ ಮನೆಗೆ ಊರ ಬಿತ್ತನೆ ನೆಲದಲ್ಲಿ ಪಾಲಿಲ್ಲ. ಪಾಲಿಲ್ಲದ ಮನೆ ಊರಲ್ಲಿ ಎಷ್ಟು ದಿನ ಇದ್ದೀತು?

ಆ ವರ್ಷ ಆಕಾಶಕ್ಕೇ ತಲೆ ಕೆಟ್ಟಿತ್ತು. ಒಣಗಾಳಿ ಬೀಸಬೇಕಾದ ಹೊತ್ತಿನಲ್ಲಿ, ಹಬ್ಬಕ್ಕೆ ಇನ್ನೂ ದಿನವಿರುವಾಗಲೇ, ಹಿಮ ಬೆರೆತ ಮಳೆ ಸುರಿಯಿತು. ಮರುದಿನ ಬಿಸಿಲಿಗೆ ಹಿಮ ಕರಗಿ ಬಯಲಿನ ಹಳೆಯ ಸಾಲುಗಳಲ್ಲೆಲ್ಲ ನೀರು ನಿಂತಿತು. ಇತ್ತೀಚೆಗೆ ಹೀಗೇ. ಬರಬಾರದ ಹೊತ್ತಿಗೆ ಬಂದು, ಬರಬೇಕಾದಾಗ ಕೈಕೊಡುತ್ತದೆ.

ಮುಂದಿನದನ್ನು ಬಾಸಿಲಿಯಾ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ, ಇಬ್ಬರೂ ಉಣ್ಣೆ ನೂಲುತ್ತ ಕೂತಿದ್ದಾಗ, ತುಂಡು ತುಂಡಾಗಿ.

ಅವಳು ಆ ದಿನ ಕುರಿಗಳನ್ನು ಬಯಲಿಗೆ ಹೊಡೆದುಕೊಂಡು ಹೋಗಿದ್ದಳು. ಹಳೆಯ ದಿಬ್ಬದ ಬುಡದ ಸಾಲಿನಲ್ಲಿ ಒಂದು ಲೆಕೆಲೆಕೆ ಕೂತಿತ್ತು. ಅವಳು ಹತ್ತಿರ ಹೋದರೂ ಏಳಲಿಲ್ಲ. ನೋಡಿದರೆ ಹಕ್ಕಿಯ ಹೊಟ್ಟೆಯ ಗರಿ ಒದ್ದೆ. ಹಸಿರು ಬಣ್ಣದ, ಕಪ್ಪು ಚುಕ್ಕೆಯ ಮೊಟ್ಟೆಗಳಿಗೂ ನೀರಿಗೂ ನಡುವೆ ಒಂದು ಬೆರಳು ಜಾಗವೂ ಉಳಿದಿರಲಿಲ್ಲ.

"ನೀರಲ್ಲೇ ಕೂತಿತ್ತು ಕಣೆ ಆ ತಾಯಿ" ಎಂದಳು. "ನಾನು ಏನನ್ನೂ ಯೋಚನೆ ಮಾಡ್ಲಿಲ್ಲ. ಹಬ್ಬ ಇನ್ನೂ ಬಂದಿಲ್ಲ, ಇದು ಲೆಕ್ಕಕ್ಕಿಲ್ಲ ಅಂದ್ಕೊಂಡೆ. ಹಬ್ಬದ ಹೊತ್ತಿಗೆ ಮೊಟ್ಟೆ ಒಡೆದು ಮರಿ ಹೊರಟು ಹೋಗಿರುತ್ತೆ ಅಂದ್ಕೊಂಡೆ."

ಬಾತಿನ ಗೂಡುಗಳನ್ನು ಅವಳು ಹಿಂದೆಯೂ ಸರಿಸಿದ್ದಳು. ಒಮ್ಮೆಗೇ ದೂರ ಒಯ್ದರೆ ಹಕ್ಕಿಗೆ ಗುರುತು ಸಿಗುವುದಿಲ್ಲ. ಮಣ್ಣಿನ ಹೆಂಟೆ ಸಮೇತ ಎತ್ತಿ ಒಂದು ಗೇಣು ಸರಿಸಬೇಕು, ದೂರ ಹೋಗಿ ಕೂರಬೇಕು, ಹಕ್ಕಿ ಬಂದು ಕೂತ ಮೇಲೆ ಎದ್ದು ಹೋಗಬೇಕು. ಬೆಳಗ್ಗೆ ಒಂದು ಗೇಣು, ಮಧ್ಯಾಹ್ನ ಒಂದು ಗೇಣು, ಕುರಿ ವಾಪಸ್ ಹೊಡೆಯುವಾಗ ಇನ್ನೊಂದು. ಮಧ್ಯೆ ಇನ್ನೊಂದು ಸಲ ಹಿಮಮಳೆ ಬಂತು, ಅವಳು ಇನ್ನಷ್ಟು ಮೇಲಕ್ಕೆ ಸರಿಸಿದಳು. ಹಕ್ಕಿ ದಿನವೂ ಅವಳ ಟೋಪಿಗೆ ಕುಕ್ಕುತ್ತ, ಬೈಯುತ್ತ, ಗೂಡಿನ ಹಿಂದೆಯೇ ದಿಬ್ಬ ಹತ್ತಿತು. ಕೊನೆಗೆ ಗೂಡು ದಿಬ್ಬದ ನೆತ್ತಿಯಲ್ಲಿ, ಬಿಸಿಲು ಬೀಳುವ ಜಾಗದಲ್ಲಿ ಕೂತಾಗ ಅವಳಿಗೆ ಬಹಳ ಸಂತೋಷವಾಯಿತಂತೆ. ಆ ಸಂಜೆ ಅವಳು ಹಾಡಿಕೊಂಡು ಬಂದದ್ದು ನನಗೂ ನೆನಪಿದೆ.

ಆದರೆ ಮೊಟ್ಟೆಗಳು ಅವಳೆಣಿಸಿದಷ್ಟು ಬೇಗ ಒಡೆಯಲಿಲ್ಲ. ಹಬ್ಬ ಮುಗಿದ ಬೆಳಗ್ಗೆ ಅಣ್ಣ ಚಾವಟಿ ಹಾಕಿಕೊಂಡು ಹೊಲ ಸುತ್ತಲು ಹೋದ. ಮಧ್ಯಾಹ್ನಕ್ಕೆ ಹುಡುಗನ ಹಾಗೆ ಓಡಿಕೊಂಡು ಬಂದ.

"ಕಸಿಲ್ಡಾ, ಬಾರೆ ಇಲ್ಲಿ. ಬಾಸಿಲಿಯಾ, ಕೇಳಿಲ್ಲಿ. ಗೂಡು ಸಿಕ್ತು. ದಿಬ್ಬದ ನೆತ್ತೀಲಿ. ಇಂಥಾ ಗುರುತು ನಾನು ಹುಟ್ಟಿದಾಗಿಂದ ನೋಡಿಲ್ಲ, ಅಷ್ಟು ಎತ್ತರದಲ್ಲಿದೆ. ಮಳೆ ಅಂದ್ರೆ ಮಳೆ ಈ ಸಲ."

ಬಾಸಿಲಿಯಾ ಒಲೆಯ ಮುಂದೆ ಸಾರು ತಿರುಗಿಸುತ್ತಿದ್ದಳು. "ಯಾವ ದಿಬ್ಬ?" ಎಂದಳು.

"ಬಯಲಿನ ಅಂಚಿನ ಹಳೇ ದಿಬ್ಬ. ಪೊಲಿಕಾರ್ಪಿಯೊಗೆ ಹೇಳಿಯೇ ಬಂದೆ. ಹಿರಿಯರೆಲ್ಲ ನಾಳೆ ನೋಡೋಕೆ ಬರ್ತಾರೆ."

ಪೊಲಿಕಾರ್ಪಿಯೊ ನಮ್ಮೂರ ಮುಖ್ಯಸ್ಥ. ಅವನ ಕಿವಿಗೆ ಬಿದ್ದದ್ದು ಊರಿಗೇ ಬಿದ್ದ ಹಾಗೆ. ಬಾಸಿಲಿಯಾ ಬಟ್ಟಲು ತೊಳೆದು ತಂದಳು. ಸಾರು ಬಡಿಸಿದಳು. ಅಣ್ಣ ಎರಡು ಬಟ್ಟಲು ಉಂಡು, ಮಾತಾಡಿ, ಮತ್ತೆ ಉಂಡ. ಅವಳು ಉಣ್ಣಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದಳು, ನಾನು ನಂಬಿದೆ.

"ರಾತ್ರಿ ಹೇಳೋಣ ಅಂದ್ಕೊಂಡೆ" ಎಂದಳು ನನಗೆ, ಆಮೇಲೆ. "ನಾಲಿಗೆ ತುದೀಗೆ ಬಂದಿತ್ತು. ಇವರು ಮಲಗಿದಲ್ಲೇ, 'ಬಾಸಿಲಿಯಾ, ಈಗ ನೋಡು ಯಾರು ನಿದ್ದೆ ಹಿಲಾರಿಯೋನ್ ಅಂತಾರೆ' ಅಂದ್ರು. ಹೆಂಗೆ ಹೇಳ್ಲಿ?"

ಮರುದಿನ ಹಿರಿಯರು ಅಗಿಯುವ ಕೋಕಾ ಎಲೆ, ಸಾರಾಯಿ ತೆಗೆದುಕೊಂಡು ದಿಬ್ಬಕ್ಕೆ ಹೋದರು. ದೂರದಿಂದಲೇ ಹಕ್ಕಿಗೆ ವಂದಿಸಿ ನೆಲಕ್ಕೆ ಸಾರಾಯಿ ಚೆಲ್ಲಿದರು. ಊರ ಕುಚೇಷ್ಟೆಯ ಮನುಷ್ಯ ಕ್ಲೇತೊ ಕೂಡ, "ಈ ಸಲ ಕಣ್ಣು ಬಿಟ್ಟಿದ್ದೀಯ ಕಣಯ್ಯ" ಎಂದು ಅಣ್ಣನ ಬೆನ್ನು ತಟ್ಟಿದ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮಾತಿನಲ್ಲಿ ಗೇಲಿ ಇರಲಿಲ್ಲ. ಅಣ್ಣನ ಕಣ್ಣಲ್ಲಿ ನೀರು ಬಂತು, ಗಾಳಿಗೆ ಬಂತು ಎಂದ.

ಬೀಜದ ಆಲೂಗಡ್ಡೆಯೆಲ್ಲ ಇಳಿಜಾರಿಗೆ ಹೋಯಿತು. ಬಿತ್ತುವ ದಿನ ಗಂಡಸರು ಮುಂದೆ ನೆಲ ಬಗೆಯುತ್ತಿದ್ದರು, ನಾವು ಹೆಂಗಸರು ಹಿಂದೆ ಬೀಜ ಇಡುತ್ತಿದ್ದೆವು. ಬಾಸಿಲಿಯಾ ಎಲ್ಲರಿಗಿಂತ ಹಿಂದೆ ಬಿದ್ದಿದ್ದಳು.

"ಏನತ್ತಿಗೆ, ಬೀಜಕ್ಕೆ ಜೋಗುಳ ಹಾಡ್ತಿದ್ದೀಯಾ?" ಎಂದು ನಾನು ರೇಗಿಸಿದೆ. ಅವಳು ನಗಲಿಲ್ಲ.

ಬೀಜ ಇಡುವಾಗಲೆಲ್ಲ, ಮಳೆ ಬರಲಿ, ಮಳೆ ಬರಲಿ ಎಂದು ಬೇಡಿಕೊಳ್ಳುತ್ತಿದ್ದಳಂತೆ. ಮಳೆ ಬಂದುಬಿಟ್ಟರೆ ಅವಳು ಮಾಡಿದ್ದು ತಪ್ಪೇ ಆಗುವುದಿಲ್ಲ, ಹೇಳಬೇಕಾದದ್ದೂ ಇರುವುದಿಲ್ಲ. ಅವಳ ಆಸೆಯೆಲ್ಲ ಆ ಮೋಡಗಳ ಮೇಲೆ ನಿಂತಿತ್ತು.

ಮೊದಲಿಗೆ ಎರಡು ಹದ ಮಳೆ ಬಂತು. ಸಸಿ ಚೆನ್ನಾಗಿಯೇ ಎದ್ದಿತು. ಅವಳು ಆ ದಿನಗಳಲ್ಲಿ ಮತ್ತೆ ಉಣ್ಣತೊಡಗಿದಳು. ಆಮೇಲೆ ಆಕಾಶ ತೊಳೆದ ಹಾಗೆ ನೀಲಿಯಾಯಿತು. ಕ್ರಿಸ್ಮಸ್ ಕಳೆಯಿತು, ಮಳೆ ಜೋರಾಗಿರಬೇಕಾದ ಜನವರಿ ಬಂತು, ಮಧ್ಯಾಹ್ನ ಸರೋವರದ ಆಚೆ ಮೋಡ ಕಟ್ಟಿ ಅಲ್ಲಿಯೇ ಕರಗುತ್ತಿತ್ತು. ಇಳಿಜಾರಿನಲ್ಲಿ ಎಲೆಗಳು ಅಂಚಿನಿಂದ ಸುಟ್ಟುಕೊಂಡು ಬಂದವು. ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಗೋಲಿಯಷ್ಟು ಗಡ್ಡೆ. ಕೆಳಗೆ ಖಾಲಿ ಬಯಲಿನಲ್ಲಿ ಮಾತ್ರ ಹುಲ್ಲು ಹಸಿರಾಗಿ ಬೆಳೆದಿತ್ತು. ಊರವರೆಲ್ಲ ಅದನ್ನು ನೋಡಿಕೊಂಡೇ ಓಡಾಡಬೇಕಿತ್ತು.

ಬಾಸಿಲಿಯಾ ಬಯಲಿನ ದಾರಿಯನ್ನೇ ಬಿಟ್ಟಳು. ಕುರಿಗಳನ್ನು ಕಲ್ಲುಗುಡ್ಡ ಬಳಸಿ, ಮೇವಿಲ್ಲದ ಕಡೆಗೆ ಹೊಡೆಯುತ್ತಿದ್ದಳು.

"ಹಸಿರು ಬಿಟ್ಟು ಕಲ್ಲು ಮೇಯಿಸ್ತೀಯಲ್ಲ, ಕುರಿಗಳು ನಿನಗೇನು ಮಾಡಿದ್ವು?" ಎಂದೆ.

"ಅಲ್ಲಿ ನರಿ ಕಾಟ."

"ನರಿ ಅಂದ್ರೆ ನಿನಗೆ ಮಗು ಇದ್ದ ಹಾಗಲ್ವಾ?"

ಅವಳು ಮುಖ ತಿರುಗಿಸಿಕೊಂಡಳು. ನನಗೆ ಕೋಪ ಬಂತು, ವಯಸ್ಸಾದಂತೆ ಈಕೆಗೆ ಸೊಕ್ಕು ಬರುತ್ತಿದೆ ಎಂದುಕೊಂಡೆ. ಊರಿಗೂ ಕೋಪ ಬರುತ್ತಿತ್ತು, ಆದರೆ ಅಣ್ಣನ ಮೇಲೆ. ನೀರು ತರುವಲ್ಲಿ, ಚರ್ಚಿನ ಬಾಗಿಲಲ್ಲಿ, ಎಲ್ಲ ಕಡೆ ಅದೇ ಮಾತು. "ಗೂಡು ಮೇಲಿತ್ತೋ, ಇವನ ಕನಸು ಮೇಲಿತ್ತೋ?" ಎಂದ ಕ್ಲೇತೊ, ಅಣ್ಣನಿಗೆ ಕೇಳಿಸುವ ಹಾಗೆಯೇ. ಹಿರಿಯರು ತಾವೂ ದಿಬ್ಬಕ್ಕೆ ಹೋಗಿ ಸಾರಾಯಿ ಚೆಲ್ಲಿ ಬಂದದ್ದನ್ನು ಚೆನ್ನಾಗಿ ಮರೆತಿದ್ದರು. ಇದು ನಮ್ಮ ಹಿರಿಯರಿಗೆ ಬಹಳ ಸುಲಭವಾಗಿ ಬರುವ ವಿದ್ಯೆ.

ಕೊನೆಗೆ ಕಪ್ಪೆ ಒಯ್ಯಬೇಕು ಎಂದು ತೀರ್ಮಾನವಾಯಿತು. ಅದು ಕಾವಲಿನವನ ಪ್ರಾಯಶ್ಚಿತ್ತವೂ ಹೌದು. ಸರೋವರದ ದೊಡ್ಡ ಕಪ್ಪೆಗಳನ್ನು ಹಿಡಿದು ಮಣ್ಣಿನ ಮಡಕೆಗಳಲ್ಲಿ ಒಂದಿಷ್ಟು ನೀರು ಹಾಕಿ ಬೆಟ್ಟದ ನೆತ್ತಿಗೆ ಒಯ್ದಿಡುವುದು. ಬಿಸಿಲಿಗೆ ಆ ನೀರು ಆರಿದಂತೆ ಕಪ್ಪೆಗಳು ಬಾಯಾರಿ ಕೂಗುತ್ತವೆ. ಆ ಕೂಗು ಕೇಳಿ ಬೆಟ್ಟದಜ್ಜನಿಗೆ ಕರುಣೆ ಬಂದರೆ ಮಳೆ ಬರುತ್ತದೆ, ಮಡಕೆ ತುಂಬುತ್ತದೆ, ಕಪ್ಪೆಗಳನ್ನು ಮತ್ತೆ ಸರೋವರಕ್ಕೆ ಬಿಡುತ್ತೇವೆ.

ಅಣ್ಣ ಬರಿಗಾಲಿನಲ್ಲಿ ಮಡಕೆಗಳನ್ನು ಹೊತ್ತು ಏರಿದ. ನೆತ್ತಿಯ ಹತ್ತಿರ ಬಂದಾಗ ಪದ್ಧತಿಯಂತೆ ಮೊಣಕಾಲಿನಲ್ಲಿ ಹೋದ. ಅವನ ವಯಸ್ಸಿಗೆ ಅದು ಆಗದ ಕೆಲಸ, ಎರಡು ಸಲ ಪಕ್ಕಕ್ಕೆ ವಾಲಿದ. ಯಾರೂ ಕೈ ಕೊಡುವಂತಿಲ್ಲ. ನಾವೆಲ್ಲ ಹಿಂದೆ ನಿಂತು ನೋಡುತ್ತಿದ್ದೆವು. ನನ್ನ ಪಕ್ಕದಲ್ಲಿ ಬಾಸಿಲಿಯಾ ತನ್ನ ಕೆಳತುಟಿಯನ್ನು ಕಚ್ಚಿ ರಕ್ತ ಬರಿಸಿಕೊಂಡಿದ್ದಳು.

ಎರಡು ದಿನ ಆಯಿತು. ಮಳೆಯಿಲ್ಲ. ಗಾಳಿ ಊರ ಕಡೆ ಬೀಸಿದಾಗ ಕಪ್ಪೆಗಳ ಕೂಗು ಕೆಳಗಿನವರೆಗೂ ಕೇಳುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಬಾಸಿಲಿಯಾ ಒಂದು ಕ್ಯಾನಿನಲ್ಲಿ ನೀರು ತುಂಬಿಕೊಂಡು ಒಬ್ಬಳೇ ಬೆಟ್ಟ ಹತ್ತಿದಳು. ಕಪ್ಪೆಗಳಿಗೆ ನೀರು ಹಾಕಿಬರಬೇಕು ಎಂದೇ ಹೋದದ್ದು. ಮಡಕೆಯೊಳಗೆ ನೋಡಿದರೆ ಅವುಗಳ ಸುಕ್ಕು ಚರ್ಮ ಒಣಗಿ ಮಣ್ಣಿಗೆ ಅಂಟಿತ್ತು. ಒಂದು ಆಗಲೇ ಸತ್ತಿತ್ತು. ಉಳಿದವು ಅವಳ ನೆರಳು ಬಿದ್ದೊಡನೆ ತಲೆ ಎತ್ತಿ ಬಾಯಿ ತೆರೆದವು.

ಕ್ಯಾನಿನ ಮುಚ್ಚಳ ತೆಗೆದಳು. ಬಗ್ಗಿದಳು. ಆಗ ಅವಳಿಗೆ ಹೊಳೆಯಿತಂತೆ. ಕರುಣೆ ಬರಬೇಕಾದದ್ದು ಬೆಟ್ಟದಜ್ಜನಿಗೆ. ಇವಳು ನೀರು ಹಾಕಿದರೆ ಕಪ್ಪೆಗಳು ಸುಮ್ಮನಾಗುತ್ತವೆ, ಅಜ್ಜನಿಗೆ ಏನೂ ಕೇಳಿಸುವುದಿಲ್ಲ. ಮತ್ತೊಂದು ಸಲ ತಾನು ಕರುಣೆಯಿಂದ ಊರಿನ ಕೆಲಸ ಕೆಡಿಸಲು ಬಂದಿದ್ದೇನೆ ಎನಿಸಿತು. ಅವಳು ಮುಚ್ಚಳ ಹಾಕಿ, ಮಡಕೆಗಳ ಪಕ್ಕದಲ್ಲೇ ತುಂಬಿದ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು, ಅವು ಕೂಗುವುದನ್ನು ಕೇಳುತ್ತ ಕೂತಳು.

"ಎಷ್ಟು ಹೊತ್ತು ಕೂತಿದ್ದೆ?" ಎಂದು ಕೇಳಿದೆ.

"ಗೊತ್ತಿಲ್ಲ. ನೀರು ನನ್ನ ಕೈಯಲ್ಲೇ ಇತ್ತು ಕಸಿಲ್ಡಾ. ಒಂದು ಕಪ್ಪೆ ಕೂಗೋದು ನಿಲ್ಲಿಸ್ತು. ನಾನು ನೋಡ್ತಾನೇ ಇದ್ದೆ. ಆಗ ಅನ್ನಿಸ್ತು, ಬಾಯಿ ಬಿಡಬೇಕಾಗಿರೋಳು ನಾನು, ಇವುಗಳ ಕೈಲಿ ಕೂಗಿಸ್ತಿದೀನಿ ಅಂತ."

ಮಳೆ ಬರಲಿಲ್ಲ. ಉಳಿದ ಕಪ್ಪೆಗಳನ್ನು ಸರೋವರಕ್ಕೆ ಬಿಟ್ಟರು. ಭಾನುವಾರ ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಗಂಡಸರು ಗೋಡೆಗೊರಗಿದ ಬೆಂಚುಗಳ ಮೇಲೆ, ನಾವು ನೆಲದ ಮೇಲೆ. ಪೊಲಿಕಾರ್ಪಿಯೊ ಹೆಚ್ಚು ಮಾತಾಡಲಿಲ್ಲ. ಅವನಿಗೂ ಇಷ್ಟವಿಲ್ಲದ ಕೆಲಸ.

"ಹಿಲಾರಿಯೋನ್, ಊರು ನೋಡಿದೆ, ಕಾದಿದೆ" ಎಂದ. "ನಿನಗೇ ಗೊತ್ತು ಪದ್ಧತಿ. ಚಾವಟಿ ತೆಗೆದು ಮೇಜಿನ ಮೇಲಿಡು."

ಅಣ್ಣ ಎದ್ದು ನಿಂತ. ಕೈ ಹೆಗಲಿಗೆ ಹೋಯಿತು. ಗಂಟು ಬಿಗಿಯಾಗಿತ್ತು, ಬಿಚ್ಚಲು ಬರಲಿಲ್ಲ. ಹಿಂದಿನಿಂದ ಯಾರೋ "ಎದ್ದಿದ್ದಾನಾ?" ಎಂದರು. ಎಲ್ಲರೂ ನಕ್ಕರು. ನನಗೆ ಆ ಹಾಳು ಬಾಯಿಗಳನ್ನೆಲ್ಲ ಹೊಲಿದುಬಿಡಬೇಕು ಎನಿಸಿತು.

ಆಗ ಬಾಸಿಲಿಯಾ ಎದ್ದಳು. ಮದುವೆಯಾಗಿ ಬಂದಾಗಿನಿಂದ ಅವಳು ಸಭೆಯಲ್ಲಿ ಬಾಯಿ ತೆರೆದದ್ದೇ ಇಲ್ಲ.

"ನಮ್ಮನೆಯವರದ್ದು ಏನೂ ತಪ್ಪಿಲ್ಲ" ಎಂದಳು. "ಗೂಡು ಬಯಲಲ್ಲಿ, ತಗ್ಗಿನ ಸಾಲಲ್ಲಿತ್ತು. ಮುಟ್ಟಿದ್ದು ನಾನು. ದಿಬ್ಬದ ಮೇಲಕ್ಕೆ ಸರಿಸಿದ್ದು ನಾನು."

ನಗು ನಿಂತಿತು. ಕ್ಲೇತೊ ಮೊದಲು ಸುಧಾರಿಸಿಕೊಂಡ. "ಗೂಡೇನು ಬೆಂಚೇನಮ್ಮ, ಸರಿಸೋಕೆ?"

"ನೀರು ಬಂದಿತ್ತು. ಮೊಟ್ಟೆ ಮುಳುಗ್ತಿತ್ತು."

ನಮ್ಮೂರಲ್ಲಿ ಎಲ್ಲರಿಗಿಂತ ಹಿರಿಯಳು ಎಸ್ತೆಫಾನಿಯಾ. ಹಕ್ಕಿಪಕ್ಷಿಯ ವಿಷಯದಲ್ಲಿ ಅವಳು ಹೇಳಿದ್ದೇ ಕೊನೆ. ಅವಳು ನನ್ನ ಹಿಂದೆಯೇ ಕೂತಿದ್ದಳು, ಕೂತಲ್ಲಿಂದಲೇ ಹೇಳಿದಳು: "ಮನುಷ್ಯರ ಕೈ ತಾಗಿದ ಮೊಟ್ಟೆ ಮೇಲೆ ಲೆಕೆಲೆಕೆ ಕೂರಲ್ಲ ಮಗಳೇ. ಹಿರಿಯರು ನೋಡಿದ ದಿನ ತಾಯಿ ಹಕ್ಕಿ ಗೂಡಲ್ಲೇ ಇತ್ತಲ್ಲ."

"ಒಂದೇ ಸಲ ಸರಿಸಲಿಲ್ಲ ಅಜ್ಜಿ. ಹೆಂಟೆ ಸಮೇತ ಗೇಣು ಗೇಣು. ಹೀಗೆ" ಎಂದು ಬಾಸಿಲಿಯಾ ಬಲಗೈ ಬೆರಳು ಚಾಚಿ ಗಾಳಿಯಲ್ಲಿ ಒಂದು ಗೇಣು ಅಳೆದಳು, ಮತ್ತೆ ಅದರ ಮೇಲೆ ಒಂದು, ಮತ್ತೊಂದು. ಆ ಕೈ ಹೋದ ರೀತಿ ನೋಡಿದೊಡನೆ ಅವಳು ಬಾತಿನ ಗೂಡು ಸರಿಸುತ್ತಿದ್ದದ್ದು ನೆನಪಾಯಿತು. ಅವಳು ಹೇಳುತ್ತಿರುವುದು ನಿಜ ಎಂದು ನನಗೆ ಆ ಕ್ಷಣವೇ ತಿಳಿಯಿತು.

ಸಭೆಗೆ ತಿಳಿಯಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಮೂಗು ಸೇದಿಕೊಂಡರು. "ಪಾಪ, ಗಂಡನಿಗೋಸ್ಕರ" ಎಂಬ ಪಿಸುಮಾತು ನನ್ನ ಬೆನ್ನ ಹಿಂದಿನಿಂದ ಮುಂದಕ್ಕೆ ಹರಿದುಹೋಯಿತು.

ಪೊಲಿಕಾರ್ಪಿಯೊ ಮಾತ್ರ ಹಣೆ ಗಂಟಿಕ್ಕಿದ. "ಇದು ಸಣ್ಣ ಮಾತಲ್ಲಮ್ಮ. ನಿಜವಾದರೆ ನಿಮ್ಮ ಮನೆಗೆ ನೆಲದಲ್ಲಿ ಪಾಲಿಲ್ಲ, ನೀವು ಊರು ಬಿಡಬೇಕಾಗುತ್ತೆ." ಆಮೇಲೆ ಅಣ್ಣನ ಕಡೆ ತಿರುಗಿದ. "ನೀನು ಹೇಳು ಹಿಲಾರಿಯೋನ್. ಅವಳನ್ನ ನಿನಗಿಂತ ಚೆನ್ನಾಗಿ ಬಲ್ಲೋರಿಲ್ಲ. ನಿನ್ನ ಹೆಂಡ್ತಿ ಹೇಳ್ತಿರೋದು ನಿಜವೋ, ನಿನ್ನ ಮಾನ ಉಳಿಸೋಕೆ ಹೇಳ್ತಿದಾಳೋ?"

ಅಣ್ಣ ಬಾಸಿಲಿಯಾಳನ್ನು ನೋಡಿದ. ಅವಳೂ ನೋಡಿದಳು. ಅವಳ ಮುಖದಲ್ಲಿ ಹೆದರಿಕೆಯಿರಲಿಲ್ಲ, ಬಹಳ ದಿನಗಳ ಮೇಲೆ ಅದು ಹಗುರವಾಗಿತ್ತು. ಹೇಳಿಬಿಡಿ ಎಂಬಂತೆ ಸಣ್ಣಗೆ ತಲೆಯಾಡಿಸಿದಳು. ಅಣ್ಣನ ಕೈ ಇನ್ನೂ ಚಾವಟಿಯ ಗಂಟಿನ ಮೇಲೇ ಇತ್ತು.

"ನನಗೋಸ್ಕರ ಹೇಳ್ತಿದಾಳೆ" ಎಂದ.

ಅಷ್ಟೇ. ಸಭೆ ಒಮ್ಮೆಗೇ ಉಸಿರು ಬಿಟ್ಟಿತು. ಎಸ್ತೆಫಾನಿಯಾ ಕೋಲೂರಿ ಎದ್ದು ಬಂದು ಬಾಸಿಲಿಯಾಳ ಕೆನ್ನೆ ಸವರಿ, ಅವಳನ್ನು ಬಲವಂತವಾಗಿ ಕೂರಿಸಿದಳು. "ಇಂಥ ಹೆಂಡತಿ ಇರೋನ ಹೆಗಲಿಂದ ಚಾವಟಿ ಇಳಿಸೋಕೆ ನನ್ನ ಕೈ ಬರಲ್ಲ" ಎಂದ ಪೊಲಿಕಾರ್ಪಿಯೊ. ಹಿರಿಯರು ತಲೆದೂಗಿದರು. ಒಬ್ಬನು, ಈಗಿನ ಆಕಾಶ ಹಕ್ಕಿಗೂ ಅರ್ಥವಾಗುವುದಿಲ್ಲ, ಹಿಲಾರಿಯೋನ್‌ಗೆ ಹೇಗೆ ಅರ್ಥವಾದೀತು ಎಂದ. ಈ ಬುದ್ಧಿ ಅವನಿಗೆ ಒಂದು ತಿಂಗಳ ಹಿಂದೆಯೇ ಬರಬಹುದಿತ್ತು. ಕ್ಲೇತೊ ತನ್ನ ಕೋಕಾ ಚೀಲವನ್ನು ಅಣ್ಣನಿಗೆ ಚಾಚಿದ. "ನನ್ನ ಹೆಂಡ್ತಿ ಆಗಿದ್ರೆ ಚಾವಟಿ ತಾನೇ ಬಿಚ್ಚಿ ಕೊಡ್ತಿದ್ಲು" ಎಂದ. ಎಲ್ಲರೂ ನಕ್ಕರು. ಈ ಸಲ ಅಣ್ಣನ ಜೊತೆಗೆ ನಕ್ಕರು, ಅಣ್ಣನೂ ನಕ್ಕ.

ಬಾಸಿಲಿಯಾ "ನಿಜ, ನಿಜವಾಗ್ಲೂ ನಾನೇ" ಎಂದು ಎರಡು ಸಲ ಹೇಳಿದಳು. ಎಸ್ತೆಫಾನಿಯಾ ಅವಳ ಕೈ ಹಿಡಿದುಕೊಂಡು "ಗೊತ್ತು ಮಗಳೇ, ಗೊತ್ತು" ಎಂದಳು.

ಮನೆಗೆ ಮೂವರೂ ಒಟ್ಟಿಗೆ ನಡೆದೆವು. ಅಣ್ಣ ಮುಂದೆ, ಅವಳು ನಡುವೆ, ನಾನು ಹಿಂದೆ. ಬಯಲು ದಾಟಿದೆವು. ನಾನು ಕೂಡ ಸುಮ್ಮನಿದ್ದೆ ಎಂದರೆ ಪರಿಸ್ಥಿತಿ ಹೇಗಿತ್ತೆಂದು ತಿಳಿಯಬಹುದು.

"ನಿಜ ಅಂತ ನಿಮಗೆ ಗೊತ್ತಾಯ್ತು" ಎಂದಳು ಬಾಸಿಲಿಯಾ. ಅವಳು ಪ್ರಶ್ನೆ ಕೇಳಿದ್ದಲ್ಲ.

"ಹ್ಞೂಂ" ಎಂದ ಅಣ್ಣ, ತಿರುಗದೆ. "ನೀನು ಗೇಣು ಅಳೆದು ತೋರಿಸಿದಾಗ."

"ಮತ್ತೆ ಯಾಕೆ ಹಾಗಂದ್ರಿ?"

ಅಣ್ಣ ನಿಂತ. ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದೂಡಿಕೊಂಡ. "ನಿನ್ನ ಊರು ಬಿಡಿಸ್ತಾರಲ್ಲ, ಉಳಿಸಬೇಕು ಅಂತಾನೇ ಬಾಯಿ ತೆಗೆದೆ. ದೇವರಾಣೆ ಹಾಗೇ ತೆಗೆದೆ. ಆಮೇಲೆ ಎಲ್ಲರೂ ನನ್ನ ನೋಡಿ ನಕ್ಕರಲ್ಲ, ಒಳ್ಳೇ ನಗು... ನನಗೆ ಹಿತವಾಯ್ತು ಬಾಸಿಲಿಯಾ. ನೀನು 'ನಿಜ, ನಿಜ' ಅಂತಿದ್ದದ್ದು ಕೇಳಿಸ್ತಿತ್ತು. ಸುಮ್ನಿದ್ರೆ ಸಾಕಪ್ಪ ಇವಳು ಅನ್ನಿಸ್ತು."

ಅವಳು ಬೈಯಲಿಲ್ಲ, ಅಳಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅಣ್ಣ ಆ ರಾತ್ರಿ ಕುರಿಗಳ ಜೊತೆ ಮಲಗಬೇಕಾಗುತ್ತಿತ್ತು. "ನಾನಿನ್ನು ಯಾರಿಗೆ ಹೇಳಲಿ?" ಎಂದಳು. ಅಣ್ಣ ಚಾವಟಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ಮುಂದೆ ನಡೆದ.

ಬೆಳಗಾದಾಗ ಬಾಗಿಲ ಮುಂದೆ ಎಸ್ತೆಫಾನಿಯಾ ನಿಂತಿದ್ದಳು. ಬೆನ್ನಿನ ಮೇಲಿದ್ದ ಬಟ್ಟೆಯ ಗಂಟನ್ನು ಇಳಿಸಿ ಬಿಚ್ಚಿದಳು. ಅದರಲ್ಲಿ ಚುನ್ಯೋ ಇತ್ತು. ಹಿಂದಿನ ವರ್ಷದ ಆಲೂಗಡ್ಡೆಯನ್ನು ಹಿಮದಲ್ಲಿಟ್ಟು, ತುಳಿದು, ಒಣಗಿಸಿದ್ದು. ಅವಳ ಇಳಿಜಾರಿನ ತುಂಡು ನೆಲದಲ್ಲಿ ಈ ಸಲ ಕಡ್ಡಿ ಮಾತ್ರ ಉಳಿದಿತ್ತು ಎಂದು ಊರಿಗೇ ಗೊತ್ತು. ಮನೆಯಲ್ಲಿ ಇನ್ನೆಷ್ಟು ಚುನ್ಯೋ ಇತ್ತೋ, ಅವಳಿಗೆ ಮಾತ್ರ ಗೊತ್ತು.

"ತಗೋ ಮಗಳೇ" ಎಂದಳು. "ಸೊರಗಿದ್ದೀಯ. ನಿನ್ನಂಥೋಳು ಚೆನ್ನಾಗಿರಬೇಕು."

ಬೇಡ ಎಂದರೆ ಮುದುಕಿಗೆ ಅವಮಾನ. ಬಾಸಿಲಿಯಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಅವಳು ಎರಡೂ ಕೈ ಚಾಚಿದಳು, ಆದರೆ ಬೆರಳು ಮಡಚಲಿಲ್ಲ, ಗಂಟು ಜಾರತೊಡಗಿತು. ಒಳಗಿನಿಂದ ಅಣ್ಣ ಬಂದು ಕೆಳಗಿನಿಂದ ತನ್ನ ಕೈ ಕೊಟ್ಟು ಹಿಡಿದ. ಆ ಚುನ್ಯೋವನ್ನು ನಡುವೆ ಹಿಡಿದುಕೊಂಡು ಗಂಡ ಹೆಂಡತಿ ಇಬ್ಬರೂ ಮುದುಕಿಗೆ ತಲೆ ಬಾಗಿಸಿ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದರು.